ಕೇಳದೆ ತಲೆದೂಗಿದವರು

ಸಾಮಿಲ್‌ನಲ್ಲಿ ಪಟ್ಟಿ ಗರಗಸ ತಿರುಗುವಾಗ ಯಾರೂ ಮಾತಾಡುವುದಿಲ್ಲ. ದಿಮ್ಮಿಯ ಈ ತುದಿಯವನು ಎರಡು ಬೆರಳೆತ್ತಿದರೆ ಹಲಗೆಯ ದಪ್ಪ ಎರಡು ಅಂಗುಲ ಎಂದು ಆ ತುದಿಯವನಿಗೆ ಗೊತ್ತಾಗುತ್ತದೆ. ಅಂಗೈಯನ್ನು ಅಡ್ಡ ಆಡಿಸಿದರೆ ನಿಲ್ಲಿಸು ಎಂದರ್ಥ. ಹಾಫಿಜರು ಮೀಸೆ ಮೂಡುವ ಕಾಲದಿಂದ ಗಡ್ಡ ಪೂರ್ತಿ ಬೆಳ್ಳಗಾಗುವವರೆಗೆ ಆ ಗರಗಸದ ಮುಂದೆ ನಿಂತವರು. ಕೈ ದಿಮ್ಮಿಯ ಮೇಲೆ, ಕಣ್ಣು ಗೆರೆಯ ಮೇಲೆ. ನಾಲಿಗೆ ಮಾತ್ರ ತನ್ನ ಪಾಡಿಗೆ ಕುರ್‌ಆನ್ ಓದುತ್ತಿತ್ತು. ಆ ಗದ್ದಲದಲ್ಲಿ ತಾವು ಓದಿದ್ದು ಅವರಿಗೇ ಕೇಳಿಸುತ್ತಿರಲಿಲ್ಲ. ಕೇಳಿಸಬೇಕೆಂದೂ ಇರಲಿಲ್ಲ, ಯಾಕೆಂದರೆ ಮೊದಲಿಂದ ಕೊನೆಯವರೆಗೆ ಇಡೀ ಗ್ರಂಥ ಅವರಿಗೆ ಬಾಯಿಪಾಠ. ಹಾಗೆ ಬಾಯಿಪಾಠ ಮಾಡಿದವರನ್ನೇ ಹಾಫಿಜ್ ಎನ್ನುವುದು. ಅವರ ಸ್ವಂತ ಹೆಸರನ್ನು ಮಿಲ್ಲಿನ ಹಾಜರಿ ಕರೆಯುವವನು ಬಿಟ್ಟರೆ ಯಾರೂ ಬಳಸುತ್ತಿರಲಿಲ್ಲ. ಹೆಂಡತಿಗೆ ಅವರು 'ರೀ', ಶಿಷ್ಯರಿಗೆ ಉಸ್ತಾದ್, ಮಿಕ್ಕವರಿಗೆಲ್ಲ ಹಾಫಿಜರು.

ಮಿಲ್ಲಿಗೆ ಹೋಗುವ ಮುಂಚೆ, ಬೆಳಗಿನ ನಮಾಜು ಮುಗಿದ ಮೇಲೆ, ಮಸೀದಿಯ ಮಹಡಿಯ ಕೋಣೆಯಲ್ಲಿ ಅವರು ಪಾಠ ಹೇಳುತ್ತಿದ್ದರು. ಚಿಕ್ಕ ಕೋಣೆ, ಒಂದು ಕಿಟಕಿ, ಅಂಚು ಸವೆದ ಚಾಪೆ. ಬರುತ್ತಿದ್ದವರು ದುಡಿಯುವ ದೊಡ್ಡವರು. ಪಾಠದ ಕ್ರಮ ಸರಳ. ಮೊದಲು ಗುರು ಓದುತ್ತಾನೆ, ಶಿಷ್ಯ ಕೇಳುತ್ತಾನೆ. ಆಮೇಲೆ ಶಿಷ್ಯ ಪುಸ್ತಕ ನೋಡದೆ ಓದುತ್ತಾನೆ, ಗುರು ಕೇಳುತ್ತಾನೆ. ಹೀಗೆ ದಿನಕ್ಕಿಷ್ಟು ಎಂದು ವರ್ಷಗಟ್ಟಲೆ ನಡೆದು ಇಡೀ ಗ್ರಂಥ ಮುಗಿದರೆ, ಒಂದು ಅಕ್ಷರವೂ ಆಚೀಚೆ ಆಗದಿದ್ದರೆ, ಗುರು ಒಂದು ಸನದು ಕೊಡುತ್ತಾನೆ. ಇವನ ಓದನ್ನು ನಾನು ಕೇಳಿದೆ, ನನ್ನದನ್ನು ನನ್ನ ಗುರು ಕೇಳಿದರು, ಅವರದನ್ನು ಅವರ ಗುರು ಕೇಳಿದರು ಎಂದು ಒಂದರ ಹಿಂದೊಂದು ಹೆಸರು ಹೋಗಿ ಪ್ರವಾದಿಯವರೆಗೆ ಮುಟ್ಟುವ ಸರಪಳಿ ಅದು. ಬರೆದ ಪ್ರತಿಗಳು ಮೊದಲಿಂದಲೂ ಇವೆ. ಆದರೂ ಸಾಕ್ಷಿ ಹೇಳಬೇಕಾದದ್ದು ಕಿವಿ. ಸನದಿನ ತಿರುಳೆಲ್ಲ ಒಂದೇ ಮಾತಿನಲ್ಲಿದೆ: ನಾನು ಕೇಳಿದ್ದೇನೆ.

ಹಾಫಿಜರಿಂದ ಸನದು ಪಡೆದವರು ಬಹಳ ಮಂದಿಯಿಲ್ಲ. ಅಷ್ಟು ಸುಲಭವಾಗಿ ಅವರು ಕೊಡುತ್ತಲೂ ಇರಲಿಲ್ಲ. ಸ್ವರವನ್ನು ಕಾಲು ಮಾತ್ರೆ ಜಾಸ್ತಿ ಎಳೆದವನನ್ನು ಆ ಪುಟದ ಮೊದಲಿಗೆ ವಾಪಸ್ ಕಳಿಸುವ ಗುರು ಎಂದು ಅವರಿಗೆ ಹೆಸರಿತ್ತು. ಪಕ್ಕದ ಊರಿನಲ್ಲಿ ಟೈರ್ ಅಂಗಡಿ ಇಟ್ಟಿದ್ದ ಅವರ ಸಹಪಾಠಿಯೂ ಒಬ್ಬ ಹಾಫಿಜ್, ಒಂದೇ ಗುರುವಿನ ಶಿಷ್ಯ. ಆತ ಉದಾರಿ ಎಂದು ಇವರಿಗೆ ತಾತ್ಸಾರ. ಅವನ ಹತ್ತಿರ ಸನದೂ ಒಂದೇ ಪಂಕ್ಚರೂ ಒಂದೇ, ಕೂತು ಏಳುವುದರೊಳಗೆ ಆಗುತ್ತದೆ ಎಂದು ಇವರು ಆಡಿದ್ದು ಆತನ ಕಿವಿಗೂ ಬಿದ್ದಿತ್ತು.

ಕೊನೆಯದಾಗಿ ಅವರ ಬಳಿ ಇಡೀ ಗ್ರಂಥ ಓದಿ ಒಪ್ಪಿಸಿದವನು ಔಷಧಿ ಅಂಗಡಿಯವನು. ಡಾಕ್ಟರುಗಳ ಕೈಬರಹ ಓದುವುದೇ ಅವನ ಉದ್ಯೋಗವಾದ್ದರಿಂದ ತಾಳ್ಮೆ ವಿಪರೀತ. ಮೆಲುದನಿ. ಒಂದು ಬೆಳಿಗ್ಗೆ ಅವನು ಓದುತ್ತ ಓದುತ್ತ ತಟ್ಟನೆ ನಿಂತು, ಹಿಂದಕ್ಕೆ ಹೋಗಿ, ಅದೇ ವಾಕ್ಯವನ್ನು ಮತ್ತೆ ಓದಿದ. ಓದಿ ಗುರುವಿನ ಮುಖ ನೋಡಿದ. ತಾನು ತಪ್ಪಿದ್ದು ಅವನಿಗೇ ಗೊತ್ತಾಗಿತ್ತು, ತಿದ್ದಿಕೊಂಡಿದ್ದ. ಉಸ್ತಾದರು ಇನ್ನೂ ಯಾಕೆ ತಡೆಯಲಿಲ್ಲ ಎಂದು ನೋಡಿದ್ದ. ಹಾಫಿಜರಿಗೆ ತಪ್ಪಾದದ್ದೇ ತಿಳಿದಿರಲಿಲ್ಲ. ಅವರಿಗೆ ಎರಡು ಸಲವೂ ಒಂದೇ ಥರ, ಸ್ಪಷ್ಟವಾಗಿ, ಸರಿಯಾಗಿಯೇ ಕೇಳಿಸಿತ್ತು. ಅವರು ತಲೆದೂಗಿದರು. ನೀನೇ ತಿದ್ದಿಕೊಳ್ಳುತ್ತೀಯೋ ಇಲ್ಲವೋ ಎಂದು ಕಾಯುತ್ತಿದ್ದೆ ಎಂಬಂಥ ತಲೆದೂಗು ಅದು. ಶಿಷ್ಯ ಸಮಾಧಾನದಿಂದ ಮುಂದಕ್ಕೆ ಓದಿದ.

ಹಾಫಿಜರಿಗೆ ಆ ದಿನ ಮಿಲ್ಲಿನಲ್ಲಿ ಕೆಲಸ ಓಡಲಿಲ್ಲ. ಹಲಗೆಯ ಗೆರೆ ಎರಡು ಕಡೆ ಸೊಟ್ಟಗಾಯಿತು.

ಕಿವಿ ತೋರಿಸಿ ಎಂದು ಹೆಂಡತಿ ಆ ಹೊತ್ತಿಗಾಗಲೇ ಎಷ್ಟೋ ಸಲ ಹೇಳಿದ್ದಳು. ಕುಕ್ಕರ್ ಕೂಗಿದ್ದು ಕೇಳುವುದಿಲ್ಲ, ಬಾಗಿಲ ಗಂಟೆ ಕೇಳುವುದಿಲ್ಲ, ಮೊಮ್ಮಗಳು ಫೋನಿನಲ್ಲಿ ಏನು ಕೇಳಿದರೂ "ಚೆನ್ನಾಗಿದೀನಿ ಕಂದಾ" ಎಂದೇ ಉತ್ತರ.

"ನಾನು ಹೇಳಿದ್ದು ಮಾತ್ರ ನಿಮಗೆ ಕೇಳಲ್ಲ ಅಂದ್ಕೊಂಡು ಇಷ್ಟು ವರ್ಷ ಸಂಸಾರ ಮಾಡಿದೆ," ಎಂದಳು ಅವಳು. "ಈಗ ನೋಡಿದ್ರೆ ಯಾರು ಹೇಳಿದ್ದೂ ಕೇಳಲ್ಲ. ನನಗೆ ಒಂಥರಾ ನೆಮ್ಮದೀನೇ ಆಯ್ತು ಬಿಡಿ."

ಹಾಫಿಜರು ನಕ್ಕು, ಇವನ ಓದು ಮುಗಿಯಲಿ, ಆಮೇಲೆ ಹೋಗೋಣ ಎಂದರು. ಯಾಕೆ ಆಮೇಲೆ ಎಂದು ಅವಳು ಕೇಳಲಿಲ್ಲ. ಅವರು ತಮ್ಮನ್ನೂ ಕೇಳಿಕೊಳ್ಳಲಿಲ್ಲ. ಕಾರಣ ಅವರಿಗೆ ಗೊತ್ತಿತ್ತು: ಮೊದಲೇ ಹೋಗಿ, ಡಾಕ್ಟರು ಏನಾದರೂ ಹೇಳಿಬಿಟ್ಟರೆ, ಓದು ಅರ್ಧಕ್ಕೇ ನಿಲ್ಲುತ್ತದೆ. ಶಿಷ್ಯನ ವರ್ಷಗಳ ಶ್ರಮ, ತಮ್ಮ ಕೋಣೆ, ತಮ್ಮ ಹೆಸರು ಎಲ್ಲವೂ ನಿಲ್ಲುತ್ತದೆ. ಗೊತ್ತಿಲ್ಲದವನು ಸುಳ್ಳುಗಾರನಲ್ಲ. ಹಾಗಾಗಿ ಅವರು ಕೆಲವು ತಿಂಗಳು ಗೊತ್ತಿಲ್ಲದವರಾಗಿಯೇ ಉಳಿದರು. ಓದು ಮುಗಿಯಿತು. ಸನದು ಕೊಟ್ಟರು. ನಾನು ಕೇಳಿದ್ದೇನೆ ಎಂಬ ಮಾತಿನ ಕೆಳಗೆ ರುಜು ಹಾಕಿದರು. ಮರುವಾರವೇ ಹೆಂಡತಿಯನ್ನು ಕರೆದುಕೊಂಡು ಕಿವಿ ಪರೀಕ್ಷೆಗೆ ಹೋದರು.

ಪರೀಕ್ಷೆ ಮಾಡುವ ಹುಡುಗಿ ಅವರನ್ನು ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನು ಹಾಕಿ, ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಿ ಎಂದಳು. ಆಮೇಲೆ ಬಾಯಿಗೆ ಕಾಗದ ಅಡ್ಡ ಹಿಡಿದು ಬಿಡಿ ಬಿಡಿ ಪದಗಳನ್ನು ಹೇಳಿದಳು. ಹಾಫಿಜರು ಹೇಳಿದ ಉತ್ತರಗಳನ್ನು ಕೇಳಿ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವಿಗೋ ಇನ್ನೊಂದಕ್ಕೋ ಹೇಳಲಾಗುತ್ತಿರಲಿಲ್ಲ. ಹೊರಗೆ ಬಂದಾಗ ಹುಡುಗಿ ಒಂದು ನಕ್ಷೆ ತೋರಿಸಿದಳು. ಗೆರೆ ಎಡಗಡೆ ಮಟ್ಟಸವಾಗಿ ಹೊರಟು, ಬಲಕ್ಕೆ ಬರುತ್ತಾ ಕಡಿದಾಗಿ ಇಳಿದಿತ್ತು. ಯಂತ್ರದ ಸದ್ದಿನಲ್ಲಿ ಕೆಲಸ ಮಾಡುವವರಿಗೆ ಹೀಗಾಗುತ್ತದೆ ಎಂದಳು. ಮೊದಲು ಹೋಗುವುದು ತೆಳುವಾದ, ಚೂಪು ಸದ್ದುಗಳು. ಸ್ವರಗಳೂ ರಾಗವೂ ಕೇಳುತ್ತವೆ, ಎಷ್ಟೋ ವ್ಯಂಜನಗಳು ಬಿಟ್ಟುಹೋಗುತ್ತವೆ.

ಹಾಫಿಜರು ಒಪ್ಪಲಿಲ್ಲ. ಫೋನು ತೆಗೆದು ಒಂದು ಅಧ್ಯಾಯದ ಪಠಣ ಹಾಕಿ, ಇದು ನನಗೆ ಅಕ್ಷರ ಅಕ್ಷರ ಕೇಳುತ್ತಿದೆ ಎಂದು ವಾದಿಸಿದರು. ಹುಡುಗಿ ಮರ್ಯಾದೆಯಿಂದ ಪೂರ್ತಿ ಕೇಳಿದಳು.

"ಇದು ನಿಮಗೆ ಬಾಯಿಪಾಠ ಅಲ್ವಾ ಸಾರ್?"

"ಹೌದು."

"ಗೊತ್ತಿರೋದನ್ನ ಕೇಳಿಸಿದ್ರೆ ಪರೀಕ್ಷೆ ಆಗಲ್ಲ. ಬಿಟ್ಟುಹೋಗಿದ್ದನ್ನ ನೆನಪು ತುಂಬಿಬಿಡುತ್ತೆ. ನೀವು ಸುಳ್ಳು ಹೇಳ್ತಿಲ್ಲ, ನಿಮಗೆ ಕೇಳಿಸಿದ ಹಾಗೇ ಅನ್ಸುತ್ತೆ."

ಯಾವಾಗಿನಿಂದ ಹೀಗೆ ಎಂದು ಹಾಫಿಜರು ಕೇಳಿದರು. ಅದನ್ನು ಈ ಗೆರೆ ಹೇಳುವುದಿಲ್ಲ, ನಿಧಾನವಾಗಿ ಆಗುವಂಥದ್ದು ಎಂದಳು. ಎರಡು ಯಂತ್ರ ಬರೆದುಕೊಟ್ಟಳು, ಕಿವಿಯ ಹಿಂದೆ ಕೂರುವಂಥವು.

ಯಂತ್ರ ಬಂತು. ಅವರು ಹಾಕಿಕೊಂಡರು. ಕುಕ್ಕರ್ ಕೂಗಿದ್ದಕ್ಕೆ ಬೆಚ್ಚಿಬಿದ್ದರು. ಹೆಂಡತಿಯ ಬೈಗುಳದಲ್ಲಿ ತಮಗೆ ಗೊತ್ತೇ ಇರದ ಪದಗಳಿದ್ದವು ಎಂದು ತಿಳಿಯಿತು. ಮಸೀದಿಯ ಕೋಣೆಗೆ ಹೊಸಬರನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿದರು, ಮಂಡಿನೋವು ಎಂದು ಕಾರಣ ಹೇಳಿದರು. ವರ್ಷಗಳೇ ಕಳೆದರೂ ಉಳಿದದ್ದನ್ನು ಯಾರಿಗೂ ಹೇಳಲಿಲ್ಲ. ಔಷಧಿ ಅಂಗಡಿಯವನು ಜಾಗರೂಕ, ತಪ್ಪುವವನಲ್ಲ, ತಪ್ಪಿದರೂ ಅವತ್ತಿನಂತೆ ತಾನೇ ತಿದ್ದಿಕೊಳ್ಳುತ್ತಾನೆ ಎಂದು ದಿನಾ ಬೆಳಿಗ್ಗೆ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಆ ಮಾತನ್ನು ದಿನಾ ಹೇಳಿಕೊಳ್ಳಬೇಕಾಗುತ್ತಿತ್ತು ಎಂಬುದೇ ಅವರಿಗೆ ಕಾಟವಾಗಿತ್ತು.

ಹಾಫಿಜರ ಮನೆಯಿದ್ದ ಕಟ್ಟಡದಲ್ಲೇ ಕೆಳಗಿನ ಮನೆಯಲ್ಲಿ ಪ್ರೂಫ್ ಮೇಷ್ಟ್ರು ಇದ್ದರು. ಬೈಬಲ್ಲು, ಪ್ರಾರ್ಥನೆ ಪುಸ್ತಕಗಳನ್ನು ಅಚ್ಚು ಹಾಕುವ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದಿ ನಿವೃತ್ತರಾದವರು, ಭಾನುವಾರದ ಆರಾಧನೆ ತಪ್ಪಿಸದವರು. ಸಂಜೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಾ ಒಬ್ಬರ ಗ್ರಂಥದ ಕಾಲನ್ನು ಇನ್ನೊಬ್ಬರು ಎಳೆಯುವುದು ಹಳೆಯ ರೂಢಿ. ನಿಮ್ಮ ಯೇಸುವಿನ ಕಥೆ ಎಷ್ಟೋ ವರ್ಷ ಬಾಯಿಂದ ಬಾಯಿಗೆ ತಿರುಗಿ ಆಮೇಲೆ ತಾನೇ ಬರಹಕ್ಕೆ ಬಂದಿದ್ದು, ಅದೂ ನಾಲ್ಕು ಥರ ಎಂದು ಹಾಫಿಜರು ಶುರು ಮಾಡುತ್ತಿದ್ದರು. ಒಂದೇ ಮದುವೆಗೆ ಹೋಗಿ ಬಂದ ನಾಲ್ಕು ಜನ ಊಟದ ವಿಷಯ ನಾಲ್ಕು ಥರ ಹೇಳುತ್ತಾರೆ, ಅಷ್ಟಕ್ಕೇ ಮದುವೆ ಆಗಿಲ್ಲ ಎನ್ನುತ್ತೀರಾ ಎಂದು ಮೇಷ್ಟ್ರು ತಿರುಗಿಸುತ್ತಿದ್ದರು. ನಮ್ಮಲ್ಲಿ ಅಂಥ ತಾಪತ್ರಯವೇ ಇಲ್ಲ, ಬಾಯಿಂದ ಕಿವಿಗೆ, ನಡುವೆ ಗಾಳಿ ಬಿಟ್ಟರೆ ಇನ್ನೇನಿಲ್ಲ ಎಂದು ಹಾಫಿಜರು ಮೀಸೆ ಒರೆಸಿಕೊಳ್ಳುತ್ತಿದ್ದರು.

ಈಚೆಗೆ ಹಾಫಿಜರು ಆ ಮಾತನ್ನು ಆಡುವುದನ್ನು ಬಿಟ್ಟಿದ್ದರು. ಎದುರಾಳಿ ಸುಮ್ಮನಾದದ್ದು ಮೇಷ್ಟ್ರಿಗೆ ಬೇಸರ ತಂದಿತ್ತು. ಅದಕ್ಕೇ ಒಂದು ಸಂಜೆ ಅವರು ತಮ್ಮ ಕಡೆಯ ಒಂದು ಎಡವಟ್ಟನ್ನು ತಾವಾಗಿ ಹೇಳಿದರು. ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಎರಡರಲ್ಲಿ ಒಂದೇ ಪ್ರಾರ್ಥನೆ ಇದೆಯಂತೆ. ಒಂದರಲ್ಲಿ ಉದ್ದ, ಇನ್ನೊಂದರಲ್ಲಿ ಗಿಡ್ಡ. ಜನರ ಬಾಯಲ್ಲಿರುವುದು ಉದ್ದದ್ದು. ಹಿಂದಿನ ಕಾಲದ ನಕಲುಗಾರರು ಗಿಡ್ಡದ್ದನ್ನು ಬರೆಯುವಾಗ ತಮಗೇ ಗೊತ್ತಿಲ್ಲದೆ ಉದ್ದದ ಸಾಲುಗಳನ್ನು ಸೇರಿಸಿಬಿಟ್ಟಿದ್ದಾರೆ. ಪಂಡಿತರು ಹಳೆಯ ಪ್ರತಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ ಅದನ್ನು ಬೇರ್ಪಡಿಸಿದ್ದಾರೆ. ಮೇಷ್ಟ್ರಿಗೆ ಇದೆಲ್ಲ ಗೊತ್ತಿತ್ತು. ಆದರೂ ಅವರೇ ಕರಡು ನೋಡಿದ ಒಂದು ಮುದ್ರಣದಲ್ಲಿ ಗಿಡ್ಡದ ಜಾಗದಲ್ಲಿ ಉದ್ದದ ಒಂದು ಸಾಲು ಹಾಯಾಗಿ ಬಂದು ಕೂತಿತ್ತು. ಅಚ್ಚಿನ ಮೊಳೆ ಜೋಡಿಸುವವನೂ ಭಕ್ತ, ಕರಡು ನೋಡುವವನೂ ಭಕ್ತ.

"ಕಣ್ಣು ನೋಡಲೇ ಇಲ್ಲ ಹಾಫಿಜರೇ. ಬಾಯಿ ಓದಿಬಿಡ್ತು," ಎಂದರು ಮೇಷ್ಟ್ರು. "ಆಮೇಲೆ ನಮ್ಮ ಮ್ಯಾನೇಜರು ಒಂದು ರೂಲ್ ಮಾಡಿದ್ರು. ಯಾರಿಗೆ ಬಾಯಿಪಾಠವೋ ಅವರು ಒಬ್ಬರೇ ಕರಡು ನೋಡೋ ಹಾಗಿಲ್ಲ. ದೇವರನ್ನೇ ನಂಬದ ಒಬ್ಬ ಗುಮಾಸ್ತ ಇದ್ದ, ಅವನನ್ನ ನನ್ನ ಪಕ್ಕ ಕೂರಿಸಿದ್ರು. ಬೈಬಲ್ಲು ಅವನಷ್ಟು ಶ್ರದ್ಧೆಯಿಂದ ಇನ್ನೊಬ್ಬ ಓದಿಲ್ಲ."

ಮೇಷ್ಟ್ರು ತಮ್ಮ ನಗೆಚಟಾಕಿಗೆ ತಾವೇ ನಕ್ಕರು. ಹಾಫಿಜರು ನಗಲಿಲ್ಲ. ಆ ತಪ್ಪನ್ನು ಏನು ಮಾಡಿದಿರಿ ಎಂದು ಕೇಳಿದರು. ಮಾಡುವುದೇನು, ಪುಸ್ತಕ ಹೋದಲ್ಲೆಲ್ಲ ಪತ್ತೆ ಹಚ್ಚಿ ತಿದ್ದೋಲೆ ಅಂಟಿಸಿದೆವು ಎಂದರು ಮೇಷ್ಟ್ರು. ಮೂರು ತಿಂಗಳು ಚರ್ಚಿಂದ ಚರ್ಚಿಗೆ ಗೋಂದಿನ ಡಬ್ಬಿ ಹಿಡಿದು ಓಡಾಡಿದ್ದು, ಎಲ್ಲ ಕಡೆ ತಪ್ಪು ನನ್ನದೇ ಎಂದು ಹೇಳಿದ್ದು, ಒಬ್ಬ ಪಾದ್ರಿ ಬಾಗಿಲಲ್ಲೇ ನಿಲ್ಲಿಸಿ ಬೈದದ್ದು, ಎಲ್ಲವನ್ನೂ ಹೇಳಿದರು.

ಆ ವಾರವೇ ಔಷಧಿ ಅಂಗಡಿಯವನು ಸಂತೋಷದಿಂದ ಮನೆಗೆ ಬಂದ. ತಾನು ಪಾಠ ಹೇಳುತ್ತಿದ್ದ ಇಬ್ಬರ ಓದು ಮುಗಿಯುತ್ತ ಬಂದಿದೆ, ಮುಂದಿನ ಶುಕ್ರವಾರ ಸನದು ಕೊಡುತ್ತೇನೆ, ಉಸ್ತಾದರು ಬಂದು ಪಕ್ಕದಲ್ಲಿ ಕೂರಬೇಕು ಎಂದ. ಸರಪಳಿಗೆ ಇನ್ನೂ ಎರಡು ಕೊಂಡಿ. ಎರಡೂ ಹಾಫಿಜರ ಕಿವಿಯ ಮೂಲಕ ಹಾದುಹೋಗಬೇಕು. ಹೆಂಡತಿ ಚಹಾ ತಂದಿಟ್ಟು ಒಳಗೆ ಹೋದಳು. ಹಾಫಿಜರು ಕಿವಿಯ ಹಿಂದಿನ ಎರಡೂ ಯಂತ್ರಗಳನ್ನು ತೆಗೆದು ಮೇಜಿನ ಮೇಲಿಟ್ಟರು.

"ನಿನ್ನ ಓದು ನಾನು ಕೇಳಿಲ್ಲ," ಎಂದರು.

ಶಿಷ್ಯನಿಗೆ ಅರ್ಥವಾಗಲಿಲ್ಲ. ಅವರು ಎಲ್ಲವನ್ನೂ ಹೇಳಿದರು: ಆ ಬೆಳಗಿನ ತಲೆದೂಗು, ಪರೀಕ್ಷೆಯನ್ನು ಬೇಕೆಂದೇ ಮುಂದೂಡಿದ್ದು, ಮಂಡಿನೋವಿನ ಸುಳ್ಳು. ನನ್ನ ಬಾಯಿಂದ ನೀನು ಕಲಿತದ್ದು ಸರಿಯಾಗಿರಬಹುದು, ಆದರೆ ನೀನು ಓದಿದ್ದಕ್ಕೆ ನಾನು ಸಾಕ್ಷಿಯಲ್ಲ ಎಂದರು. ಅವನ ಮುಖದ ಬಣ್ಣ ಇಳಿಯುತ್ತ ಬಂತು. ಅವನು ಏನೋ ಹೇಳಿದ. ಯಂತ್ರ ಮೇಜಿನ ಮೇಲಿತ್ತು, ಅವರಿಗೆ ಕೇಳಲಿಲ್ಲ. ಹಾಕಿಕೊಂಡು, ಇನ್ನೊಂದು ಸಲ ಹೇಳಪ್ಪ ಎಂದರು.

"ಅವತ್ತೇ ಹೇಳಬಹುದಿತ್ತಲ್ಲ ಉಸ್ತಾದ್. ನಾನು ಒಬ್ಬನೇ ಇದ್ದೆ ಅವತ್ತು."

ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟಿನಿಂದ ಹೇಳಿದ್ದರೆ ಹಾಫಿಜರಿಗೆ ತಡೆದುಕೊಳ್ಳುವುದು ಸುಲಭವಿತ್ತು.

ಮಾಡಬೇಕಾದದ್ದೇನೆಂದು ಇಬ್ಬರಿಗೂ ತಿಳಿದಿತ್ತು. ಇಡೀ ಗ್ರಂಥವನ್ನು ಇನ್ನೊಬ್ಬ ಗುರುವಿಗೆ ಮೊದಲಿಂದ ಓದಿ ಒಪ್ಪಿಸಬೇಕು. ಸರಪಳಿ ಅದೇ ಉಳಿಯಬೇಕಾದರೆ ಅದೇ ಗುರುವಿನ ಶಿಷ್ಯ ಬೇಕು. ಹಾಗೆ ಉಳಿದಿದ್ದವನು ಒಬ್ಬನೇ, ಟೈರ್ ಅಂಗಡಿಯವನು. ಹಾಫಿಜರು ಶಿಷ್ಯನ ಜತೆ ತಾವೇ ಹೋದರು. ಅಂಗಡಿಯ ಮುಂದೆ ಲಾರಿಯ ಚಕ್ರವೊಂದು ಬಿಚ್ಚಿಬಿದ್ದಿತ್ತು. ಗೆಳೆಯ ಕೈ ಒರೆಸಿಕೊಳ್ಳುತ್ತ ಬಂದು, ಪೂರ್ತಿ ಕೇಳಿ, ಪಂಕ್ಚರು ಇವತ್ತು ಯಾವ ಕಡೆಯದಪ್ಪಾ ಎಂದ. ಅಷ್ಟೇ ಅವನು ಸೇಡು ತೀರಿಸಿಕೊಂಡದ್ದು. ಆಮೇಲೆ ಒಳಗಿನ ಕೋಣೆಯಲ್ಲಿ ಚಾಪೆ ಹಾಸಿದ.

ಶುಕ್ರವಾರದ ಸನದು ನಿಂತಿತು. ಔಷಧಿ ಅಂಗಡಿಯವನು ದಿನಾ ಬಸ್ಸಿನಲ್ಲಿ ಪಕ್ಕದ ಊರಿಗೆ ಹೋಗಿ ಓದತೊಡಗಿದ. ಹಾಫಿಜರು ಜತೆಗೆ ಹೋಗಿ ಗೋಡೆ ಪಕ್ಕ ಕೂರುತ್ತಿದ್ದರು. ಯಾರೂ ಕರೆದಿರಲಿಲ್ಲ, ಬೇಡವೆಂದೂ ಹೇಳಲಿಲ್ಲ. ಮೊದಲ ಕೆಲವು ದಿನ ತಪ್ಪೇ ಬರಲಿಲ್ಲ. ಹಾಫಿಜರಿಗೆ ಆಸೆ ಚಿಗುರಿತು. ಒಂದು ಬೆಳಿಗ್ಗೆ ಟೈರ್ ಅಂಗಡಿಯವನು ಓದನ್ನು ತಡೆದ. ಶಿಷ್ಯ ಮತ್ತೆ ಓದಿದ, ಅದೇ ಥರ. ಗೆಳೆಯ ತಾನು ಓದಿ ತೋರಿಸಿದ. ಆಗ ಶಿಷ್ಯನಿಗೆ ಗೊತ್ತಾಯಿತು, ಯಂತ್ರ ಹಾಕಿಕೊಂಡಿದ್ದ ಹಾಫಿಜರಿಗೂ ಗೊತ್ತಾಯಿತು. ಓದು ಮುಗಿಯುವ ಹೊತ್ತಿಗೆ ಅಂಥವು ಇನ್ನೂ ಕೆಲವು ಸಿಕ್ಕವು. ಅರ್ಥ ಕೆಡಿಸುವಂಥವಲ್ಲ, ಆದರೆ ಅಲ್ಲಿ ಇರಬಾರದಂಥವು. ವರ್ಷಗಟ್ಟಲೆ ಹಾಗೇ ಓದಿ ಓದಿ ಗಟ್ಟಿಯಾಗಿದ್ದವು. ತನ್ನ ಶಿಷ್ಯರಿಗೂ ಅವನು ಅವನ್ನೇ ಕಲಿಸಿದ್ದ.

ಬಸ್ಸಿನಲ್ಲಿ ವಾಪಸ್ ಬರುವಾಗ ಔಷಧಿ ಅಂಗಡಿಯವನು ಕಿಟಕಿಯ ಕಡೆ ನೋಡುತ್ತ, ನನ್ನ ಶಿಷ್ಯರನ್ನು ನಾನು ತಿದ್ದುತ್ತೇನೆ, ಆದರೆ ಯಾಕೆ ತಿದ್ದಬೇಕಾಯಿತು ಎಂದು ನೀವೇ ಬಂದು ಹೇಳಿ ಎಂದ.

ಹಾಫಿಜರು ಹೇಳಿದರು. ಔಷಧಿ ಅಂಗಡಿಯ ಮೇಲಿನ ಕೋಣೆ, ಮದ್ದಿನ ಡಬ್ಬಗಳ ವಾಸನೆ, ಎದುರಿಗೆ ಇಬ್ಬರು. ಒಬ್ಬ ಎಲೆಕ್ಟ್ರಿಷಿಯನ್, ಇನ್ನೊಬ್ಬರು ಶಾಲೆಯಲ್ಲಿ ಲೆಕ್ಕ ಕಲಿಸುವವರು. ನಿಮ್ಮ ಓದಿನಲ್ಲಿರುವ ತಪ್ಪು ನಿಮ್ಮ ಗುರುವಿನದಲ್ಲ, ನನ್ನದು ಎಂದು ಅವರು ನಿಂತುಕೊಂಡೇ ಹೇಳಿದರು. ಲೆಕ್ಕದವರು ತಲೆ ತಗ್ಗಿಸಿ ಕೂತರು. ಎಲೆಕ್ಟ್ರಿಷಿಯನ್ ಮಾತ್ರ ತಂತಿ ಎಲ್ಲಿ ಕಡಿದಿದೆ ಎಂದು ಹುಡುಕುವವನ ಹಾಗೆ ಅವರನ್ನೇ ನೋಡುತ್ತಿದ್ದ.

"ಉಸ್ತಾದ್, ಒಂದು ಕೇಳ್ಲಾ? ನಿಮ್ಮ ಉಸ್ತಾದರ ಕಿವಿ ಸರಿ ಇತ್ತು ಅಂತ ನಿಮಗೆ ಹೆಂಗೆ ಗೊತ್ತು? ಅವರ ಉಸ್ತಾದರದ್ದು?"

ಔಷಧಿ ಅಂಗಡಿಯವನು ಅವನ ತೋಳು ಹಿಡಿದ. ಹಾಫಿಜರು, ಬಿಡು, ಕೇಳಲಿ ಎಂದರು. ಆ ಪ್ರಶ್ನೆ ಅವರನ್ನು ವಾರಗಟ್ಟಲೆ ಕಾಡಿತ್ತು.

"ಗೊತ್ತಿಲ್ಲ," ಎಂದರು. "ಒಬ್ಬೊಬ್ಬರ ಕಿವಿಯನ್ನೇ ನಂಬಬೇಕು ಅಂದ್ರೆ ಯಾರದ್ದೂ ಗೊತ್ತಿಲ್ಲ. ಆದ್ರೆ ನನ್ನ ಕಿವಿಯಲ್ಲಿ ಜಾರಿದ್ದು ಟೈರ್ ಅಂಗಡಿಯವನ ಕಿವಿಯಲ್ಲಿ ಜಾರಲಿಲ್ಲ. ಅವನು ಎಲ್ಲಾದ್ರೂ ಜಾರಿದ್ರೆ, ಇನ್ನೆಲ್ಲೋ ಸಮುದ್ರದ ಆಚೆ ಒಬ್ಬಳು ಅಜ್ಜಿ ತನ್ನ ಮೊಮ್ಮಗಳನ್ನ ಅದೇ ಜಾಗದಲ್ಲಿ ತಡೀತಿರ್ತಾಳೆ. ಎಲ್ಲರೂ ಒಂದೇ ಕಡೆ ಜಾರಲ್ಲ. ಗ್ರಂಥ ಉಳಿದಿರೋದು ಹಂಗೆ. ನಾನು ಹೊತ್ಕೊಂಡಿದೀನಿ ಅಂದ್ಕೊಂಡಿದ್ದೆ. ನಾನಿಲ್ದೇನೂ ಅದು ನಡೀತಿತ್ತು."

ಎಲೆಕ್ಟ್ರಿಷಿಯನ್ ಯೋಚಿಸಿ, ಹಾಗಾದ್ರೆ ಸರಿ ಎಂದ. ಅವನಿಗೆ ಸಮಾಧಾನವಾಗಿತ್ತು. ತಾವು ಹೇಳಿದ್ದು ನಿಜವೆಂದು ಹಾಫಿಜರಿಗೂ ಗೊತ್ತಿತ್ತು. ಆದರೆ ಗ್ರಂಥಕ್ಕೆ ಏನೂ ಆಗಿಲ್ಲ ಎಂಬುದು ಬೇರೆ, ತಾವು ಕೇಳದ್ದನ್ನು ಕೇಳಿದ್ದೇನೆ ಎಂದದ್ದು ಬೇರೆ. ಮೊದಲನೆಯದು ಎರಡನೆಯದನ್ನು ಅಳಿಸುವುದಿಲ್ಲ.

ಹೊಸ ಸನದಿನಲ್ಲಿ ಅವರ ಹೆಸರಿಲ್ಲ. ಅವರ ಗುರುವಿನ ಹೆಸರಿನಿಂದ ಗೆರೆ ಟೈರ್ ಅಂಗಡಿಯವನಿಗೆ ಹೋಗಿ ಔಷಧಿ ಅಂಗಡಿಯವನಿಗೆ ಬರುತ್ತದೆ. ಕಲಿತದ್ದು ಯಾರ ಬಳಿ ಎಂದು ಯಾರಾದರೂ ಕೇಳಿದರೆ ಅವನು ಹಾಫಿಜರ ಹೆಸರು ಹೇಳುತ್ತಾನೆ. ಹೇಳುವ ಮೊದಲು ಒಂದು ಚಣ ತಡೆಯುತ್ತಾನೆ.

ಉಳಿದವರು ಅವನಿಗಿಂತ ಮುಂಚಿನ ಶಿಷ್ಯರು. ಕಿವಿ ಯಾವಾಗಿನಿಂದ ಕೆಟ್ಟಿತೆಂದು ಪರೀಕ್ಷೆಯ ಗೆರೆ ಹೇಳಿರಲಿಲ್ಲ. ಹಾಗಾಗಿ ಎಲ್ಲಿ ನಿಲ್ಲಬೇಕೆಂದು ಹಾಫಿಜರಿಗೆ ತಿಳಿಯಲಿಲ್ಲ. ಇತ್ತೀಚಿನವನಿಂದ ಹಿಂದಕ್ಕೆ ಹೋಗುವುದೆಂದು ತೀರ್ಮಾನಿಸಿದರು. ಔಷಧಿ ಅಂಗಡಿಯವನಿಗಿಂತ ಮುಂಚೆ ಓದಿ ಮುಗಿಸಿದವನು ಈಗ ದೊಡ್ಡ ಚಪ್ಪಲಿ ಅಂಗಡಿಯ ಒಡೆಯ. ಕೌಂಟರಿನಲ್ಲಿ ಜನ ತುಂಬಿದ್ದರು. ಉಸ್ತಾದರನ್ನು ಕಂಡದ್ದೇ ಅವನು ಬರಿಗಾಲಲ್ಲಿ ಓಡಿ ಬಂದು, ತಾನು ಕೂರುವ ಕುರ್ಚಿಯನ್ನೇ ಎಳೆದು ಕೂರಿಸಿದ. ಚಹಾ ತರಿಸಿದ. ಕಾಲಿಗೆ ಚಪ್ಪಲಿ ಹಾಕಿ ನೋಡುತ್ತಿದ್ದ ಗಿರಾಕಿಗಳಿಗೆಲ್ಲ ಕೇಳುವಂತೆ, ನಾನು ಇಡೀ ಕುರ್‌ಆನ್ ಓದಿದ್ದನ್ನು ಒಂದಕ್ಷರ ಬಿಡದೆ ಕೇಳಿದವರು ಇವರೇ ಎಂದು ಹೆಮ್ಮೆಯಿಂದ ಹೇಳಿದ. ಯಾರೋ ಎದ್ದು ನಿಂತು ಸಲಾಂ ಹೇಳಿದರು.

ಹಾಫಿಜರು ಲೋಟವನ್ನು ಮುಟ್ಟಲಿಲ್ಲ. ಗಿರಾಕಿಗಳು ಹೋಗಲಿ ಎಂದು ಕಾಯಬಹುದಿತ್ತು. ಒಳಗಿನ ಗೋದಾಮಿಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಬಹುದಿತ್ತು. ಅವನು ಎಲ್ಲರೆದುರು ಹೇಳಿದ್ದನ್ನು ತಾವು ಮೂಲೆಯಲ್ಲಿ ತಿದ್ದಿದರೆ ಅದು ತಿದ್ದಿದಂತಾಗುವುದಿಲ್ಲ ಎನ್ನಿಸಿತು. ಅವರು ಕುರ್ಚಿಯ ಕೈ ಹಿಡಿದುಕೊಂಡು ಎದ್ದು, ಗಿರಾಕಿಗಳ ಕಡೆ ತಿರುಗಿ ನಿಂತರು.